ಸೊಂಟ ಬಳುಕಿಸುವ ಟ್ರ್ಯಾಕ್ಟರ್: ಯುರೋಪಿನ ಗುಡ್ಡಗಳ ಹಳೇ ಯಂತ್ರವನ್ನು ಗುರುತಿಸೋದು ಹೇಗೆ, ಅಳೆಯೋದು ಹೇಗೆ?

ಇವತ್ತಿನ ಸಂಚಿಕೆಯಲ್ಲಿ ಒಂದು ಪುಟ್ಟ ಟ್ರ್ಯಾಕ್ಟರ್‌ನ ಕಥೆ ಹೇಳ್ತೀನಿ. ನಮಗೆ ಗೊತ್ತಿರೋ ಟ್ರ್ಯಾಕ್ಟರ್ ಹೇಗಿರುತ್ತೆ? ಹಿಂದೆ ಎರಡು ದೊಡ್ಡ ಚಕ್ರ, ಮುಂದೆ ಎರಡು ಸಣ್ಣ ಚಕ್ರ. ಸ್ಟೀರಿಂಗ್ ತಿರುಗಿಸಿದರೆ ಮುಂದಿನ ಚಕ್ರಗಳು ತಿರುಗುತ್ತವೆ. ಆದರೆ ನಾನು ಹೇಳ್ತಿರೋ ಯಂತ್ರದಲ್ಲಿ ನಾಲ್ಕೂ ಚಕ್ರಗಳು ಒಂದೇ ಅಳತೆ. ಸ್ಟೀರಿಂಗ್ ತಿರುಗಿಸಿದರೆ ಚಕ್ರಗಳು ತಾವಿದ್ದ ಅಚ್ಚಿಗೆ ನೇರವಾಗೇ ಇರುತ್ತವೆ. ತಿರುಗೋದು ಟ್ರ್ಯಾಕ್ಟರ್‌ನ ನಡು. ಮುಂದಿನ ಅರ್ಧ ಒಂದು ಕಡೆ, ಹಿಂದಿನ ಅರ್ಧ ಇನ್ನೊಂದು ಕಡೆ. ಸೊಂಟ ಬಳುಕಿಸಿ ನಡೆದ ಹಾಗೆ.

ಇಂಗ್ಲಿಷ್‌ನಲ್ಲಿ ಇದನ್ನ ಆರ್ಟಿಕ್ಯುಲೇಟೆಡ್ ಟ್ರ್ಯಾಕ್ಟರ್ ಅಂತಾರೆ. ನಾನು ಈ ಸಂಚಿಕೆ ಪೂರ್ತಿ ಅದರ ನಡುವಿನ ಕೀಲನ್ನ ‘ಸೊಂಟ’ ಅಂತಲೇ ಕರೀತೀನಿ, ಯಾಕಂದ್ರೆ ಈ ಯಂತ್ರದ ಚರಿತ್ರೆ, ಗುರುತು, ಬೆಲೆ, ಅಪಾಯ ಎಲ್ಲವೂ ಅಲ್ಲೇ ಇವೆ.

ಹಳೇ ಯಂತ್ರಗಳ ಹುಚ್ಚಿರುವವರು ಯುರೋಪಿನಲ್ಲಿ ಇವತ್ತಿಗೂ ಇವುಗಳನ್ನ ಹುಡುಕಿ ತರ್ತಾರೆ, ಬಣ್ಣ ಬಳೀತಾರೆ, ವಿಡಿಯೋ ಮಾಡ್ತಾರೆ. ಅಂಥ ವಿಡಿಯೋ ನೋಡಿದಾಗಲೆಲ್ಲ ನನಗೆ ಎರಡು ಪ್ರಶ್ನೆ ಬರುತ್ತೆ. ಇದು ಯಾರಿಗಾಗಿ ಹುಟ್ಟಿದ ಯಂತ್ರ? ಮತ್ತೆ, ಇದರ ಮೇಲೆ ಕೂತಿರೋ ಮನುಷ್ಯ ಸಂಜೆ ಮನೆಗೆ ಸುರಕ್ಷಿತವಾಗಿ ಹೋಗ್ತಾನಾ?

ಟಿಲ್ಲರ್‌ನಿಂದ ಶುರು ಮಾಡೋಣ

ನಮ್ಮ ಹಳ್ಳಿ ಕಡೆಯವರಿಗೆ ಈ ಸೊಂಟದ ಲೆಕ್ಕ ಅರ್ಥ ಮಾಡ್ಕೊಳ್ಳೋದು ಸುಲಭ. ಪವರ್ ಟಿಲ್ಲರ್ ನೋಡಿದೀರಲ್ವಾ? ಬೆಂಗಳೂರಿನ ವಿ.ಎಸ್.ಟಿ. ಕಂಪನಿ 1967ರಲ್ಲಿ ಜಪಾನಿನ ಮಿತ್ಸುಬಿಷಿ ಜೊತೆ ಸೇರಿ ಶುರುವಾಗಿದ್ದೇ ಈ ಟಿಲ್ಲರ್‌ಗಳಿಗೆ. ಎರಡು ಚಕ್ರ, ಒಂದು ಎಂಜಿನ್, ಉದ್ದನೆಯ ಹಿಡಿಕೆ. ಅದಕ್ಕೆ ಹಿಂದೆ ಒಂದು ಟ್ರೇಲರ್ ಸಿಕ್ಕಿಸಿ, ಟ್ರೇಲರ್ ಮುಂದೆ ಕೂತು ಗೊಬ್ಬರ, ಹುಲ್ಲು ಸಾಗಿಸ್ತಾರೆ. ತಿರುವು ಬಂದಾಗ ಏನಾಗುತ್ತೆ? ಟಿಲ್ಲರ್ ಒಂದು ಕಡೆ ವಾಲುತ್ತೆ, ಟ್ರೇಲರ್ ಹಿಂದೆ ಬರುತ್ತೆ, ಎರಡರ ನಡುವಿನ ಕೊಂಡಿ ಮಡಚುತ್ತೆ.

ಈಗ ಒಂದು ಕಲ್ಪನೆ ಮಾಡಿ. ಆ ಟ್ರೇಲರ್‌ನ ಚಕ್ರಗಳಿಗೂ ಎಂಜಿನ್ನಿನ ಶಕ್ತಿ ಹೋಗೋ ಹಾಗೆ ನಡುವೆ ಒಂದು ಶಾಫ್ಟ್ ಹಾಕಿ. ಕೊಂಡಿಯ ಜಾಗದಲ್ಲಿ ಗಟ್ಟಿ ಕೀಲು ಕೂರಿಸಿ. ಉದ್ದ ಹಿಡಿಕೆ ತೆಗೆದು, ಆ ಕೀಲನ್ನ ಮಡಚೋಕೆ ಒಂದು ಸ್ಟೀರಿಂಗ್ ಕೊಡಿ. ಮುಗೀತು. ನಾಲ್ಕು ಚಕ್ರದಲ್ಲೂ ಎಳೆಯುವ, ನಡು ಮಡಚುವ ಪುಟ್ಟ ಟ್ರ್ಯಾಕ್ಟರ್ ಸಿದ್ಧ. ಯುರೋಪಿನಲ್ಲಿ ಎರಡು ಚಕ್ರದ ಯಂತ್ರ ಮಾಡ್ತಿದ್ದ ಕಂಪನಿಗಳೇ ಮುಂದೆ ಇದನ್ನ ಮಾಡಿದ್ದು ಕಾಕತಾಳೀಯ ಅಲ್ಲ.

ಬಟ್ಟೆ ಬ್ರ್ಯಾಂಡಿನ ಊರಲ್ಲಿ ಒಂದು ದ್ರಾಕ್ಷಿ ಟ್ರ್ಯಾಕ್ಟರ್

ದಕ್ಷಿಣ ಜರ್ಮನಿಯಲ್ಲಿ ಮೆಟ್ಸಿಂಗನ್ ಅಂತ ಒಂದು ಊರಿದೆ. ಇವತ್ತು ಜನ ಅಲ್ಲಿಗೆ ಹೋಗೋದು ಬಟ್ಟೆ ಕೊಳ್ಳೋಕೆ, ಯಾಕಂದ್ರೆ ಹ್ಯೂಗೋ ಬಾಸ್ ಬ್ರ್ಯಾಂಡಿನ ಹುಟ್ಟೂರು ಅದು. ಆದರೆ ಅದು ಮೂಲತಃ ದ್ರಾಕ್ಷಿ ಬೆಳೆಯೋ ಊರು. ದ್ರಾಕ್ಷಿ ರಸ ಹಿಂಡೋ ಹಳೇ ಗಾಣದ ಮನೆಗಳು ಏಳು ಇವತ್ತಿಗೂ ಊರ ಮಧ್ಯೆ ನಿಂತಿವೆ.

ಈ ಸೀಮೆಯ ಹೆಸರು ವುರ್ಟೆಂಬರ್ಗ್. ಇಲ್ಲಿ ಅಪ್ಪನ ಜಮೀನು ಎಲ್ಲ ಮಕ್ಕಳಿಗೂ ಪಾಲಾಗುವ ಪದ್ಧತಿ ಇತ್ತು. ನಮಗೆ ಚೆನ್ನಾಗಿ ಗೊತ್ತಿರೋ ಕಥೆ ಅಲ್ವಾ? ಎರಡು ಮೂರು ತಲೆಮಾರು ಕಳೆದರೆ ಹೊಲ ಅನ್ನೋದು ಪಟ್ಟಿಗಳಾಗಿ ಹೋಗುತ್ತೆ. ಅದೂ ಇಳಿಜಾರು ಗುಡ್ಡದಲ್ಲಿ, ಕಿರಿದಾದ ಸಾಲುಗಳ ದ್ರಾಕ್ಷಿ ತೋಟ. ದೊಡ್ಡ ಟ್ರ್ಯಾಕ್ಟರ್ ಒಳಗೆ ಹೋಗೋದೇ ಇಲ್ಲ. ಹೋದರೂ ಸಾಲಿನ ಕೊನೆಯಲ್ಲಿ ತಿರುಗಿಸೋಕೆ ಜಾಗ ಇಲ್ಲ.

ಹೋಲ್ಡರ್ ಸಹೋದರರ ಕಂಪನಿ ಇದ್ದದ್ದು ಇದೇ ಊರಲ್ಲಿ. 1888ರಲ್ಲಿ ಶುರುವಾದ ಈ ಕಂಪನಿ ಮೊದಲು ಹೆಸರು ಮಾಡಿದ್ದು ತೋಟಕ್ಕೆ ಔಷಧ ಸಿಂಪಡಿಸೋ ಪಂಪ್‌ಗಳಿಂದ. 1930ರಲ್ಲಿ ಎರಡು ಚಕ್ರದ, ಹಿಂದೆ ನಡೆದುಕೊಂಡು ಹೋಗುವ ಟ್ರ್ಯಾಕ್ಟರ್ ತಂದರು. ಎರಡನೇ ಮಹಾಯುದ್ಧ ಮುಗಿದ ಮೇಲೆ, 1954ರಲ್ಲಿ, ಹೋಲ್ಡರ್ ಎ10 ಅನ್ನೋ ಮಾದರಿ ಬಂತು. ನಾಲ್ಕೂ ಚಕ್ರ ಸಮ, ನಾಲ್ಕಕ್ಕೂ ಎಳೆತ, ನಡುವೆ ಸೊಂಟ. ಆಮೇಲೆ ಎ12. ಇದರಲ್ಲಿದ್ದದ್ದು ಫಿಕ್ಟೆಲ್ ಆ್ಯಂಡ್ ಸ್ಯಾಕ್ಸ್ ಕಂಪನಿಯ ಒಂದೇ ಸಿಲಿಂಡರಿನ, ಟೂ ಸ್ಟ್ರೋಕ್ ಡೀಸೆಲ್ ಎಂಜಿನ್. ಶಕ್ತಿ 12 ಅಶ್ವಶಕ್ತಿ. ನಮ್ಮ ಒಂದು ಪವರ್ ಟಿಲ್ಲರ್‌ನಷ್ಟೇ!

ಇಷ್ಟು ಕಡಿಮೆ ಶಕ್ತಿಯಲ್ಲಿ ಗುಡ್ಡದ ಕೆಲಸ ಹೇಗೆ ಆಯ್ತು ಅಂತ ಕೇಳಬಹುದು. ಎರಡು ಕಾರಣ. ಒಂದು, ನಾಲ್ಕೂ ಚಕ್ರ ಎಳೆಯೋದ್ರಿಂದ ಯಂತ್ರದ ಪೂರ್ತಿ ಭಾರ ಹಿಡಿತಕ್ಕೆ ಬಳಕೆಯಾಗುತ್ತೆ. ಎರಡು, ಸೊಂಟ ಸರಿಯಾಗಿ ಮಧ್ಯದಲ್ಲಿದ್ದರೆ ಹಿಂದಿನ ಚಕ್ರಗಳು ಮುಂದಿನ ಚಕ್ರಗಳ ಜಾಡಿನಲ್ಲೇ ಬರುತ್ತವೆ. ಮಾಮೂಲಿ ಟ್ರ್ಯಾಕ್ಟರ್ ತಿರುಗುವಾಗ ಹಿಂದಿನ ಚಕ್ರ ಒಳಗೆ ಎಳೆದು ಬಳ್ಳಿಗೆ ಉಜ್ಜುತ್ತೆ. ಇದು ಉಜ್ಜಲ್ಲ.

ಅದೇ ದಶಕದ ಕೊನೆಯಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಸ್ಟೈಗರ್ ಅನ್ನೋ ಅಣ್ಣತಮ್ಮಂದಿರು ತಮ್ಮ ಕೊಟ್ಟಿಗೆಯಲ್ಲೇ ಇದೇ ಸೊಂಟದ ತತ್ವದ ಮೇಲೆ ಒಂದು ದೈತ್ಯ ಟ್ರ್ಯಾಕ್ಟರ್ ಕಟ್ಟಿದರು. ಅವರಿಗೆ ಬೇಕಾಗಿದ್ದು ಕಣ್ಣು ಹಾಯಿಸಿದಷ್ಟೂ ದೂರದ ಬಯಲನ್ನ ಉಳೋದು. ಒಂದೇ ಉಪಾಯ, ಆದರೆ ಒಂದು ಕಡೆ ಸಾವಿರಾರು ಎಕರೆಗೆ, ಇನ್ನೊಂದು ಕಡೆ ಬೆರಳೆಣಿಕೆ ಗುಂಟೆಗೆ. ಸಣ್ಣ ರೈತನಿಗೆ ಅಂತ ಯೋಚನೆ ಮಾಡಿದ ಎಂಜಿನಿಯರಿಂಗ್ ಅಪರೂಪ. ಅದಕ್ಕೇ ನನಗೆ ಈ ಪುಟಾಣಿ ಯಂತ್ರದ ಮೇಲೆ ಪ್ರೀತಿ.

ಇಟಲಿಯಲ್ಲಿ ಆಳುಗಳು ಖಾಲಿಯಾದಾಗ

ಈ ಯಂತ್ರ ಮನೆಮಾತಾಗಿದ್ದು ಇಟಲಿಯಲ್ಲಿ. ಅದಕ್ಕೆ ಕಾರಣ ಸಾಮಾಜಿಕ.

ಟಸ್ಕನಿಯಂಥ ಗುಡ್ಡದ ಸೀಮೆಯಲ್ಲಿ ಶತಮಾನಗಳ ಕಾಲ ‘ಮೆಜ್ಜಾದ್ರಿಯಾ’ ಅನ್ನೋ ಪದ್ಧತಿ ಇತ್ತು. ಜಮೀನು ಧಣಿಯದ್ದು, ದುಡಿಮೆ ರೈತ ಕುಟುಂಬದ್ದು, ಬೆಳೆಯಲ್ಲಿ ಅರ್ಧರ್ಧ. ನಮ್ಮಲ್ಲಿ ಕೋರು, ವಾರ ಅಂತಾರಲ್ಲ, ಆ ಥರ. ಒಂದೊಂದು ಮನೆಯಲ್ಲೂ ಹತ್ತು ಹನ್ನೆರಡು ಕೈಗಳು, ಒಂದು ಜೋಡಿ ಎತ್ತು. ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ತಾಕುಗಳಲ್ಲಿ ಆಲಿವ್, ದ್ರಾಕ್ಷಿ, ಗೋಧಿ.

ಯುದ್ಧದ ನಂತರ ಕಾರ್ಖಾನೆಗಳು ಕರೆದವು, ಯುವಕರು ಊರು ಬಿಟ್ಟರು. 1951ರಲ್ಲಿ ಇಟಲಿಯ ದುಡಿಯುವವರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿ ಕೃಷಿಯಲ್ಲಿದ್ದರು. 1971ರ ಹೊತ್ತಿಗೆ ಅದು ಇಪ್ಪತ್ತಕ್ಕಿಂತ ಕೆಳಗಿಳಿದಿತ್ತು. ಇಪ್ಪತ್ತೇ ವರ್ಷ! 1961ರಲ್ಲಿ ಸರ್ಕಾರ ‘ಹಸಿರು ಯೋಜನೆ’ ತಂದು ಯಂತ್ರ ಕೊಳ್ಳೋಕೂ ನೆರವು ಕೊಟ್ಟಿತು. 1964ರ ಕಾನೂನು ಹೊಸದಾಗಿ ಮೆಜ್ಜಾದ್ರಿಯಾ ಒಪ್ಪಂದ ಮಾಡಿಕೊಳ್ಳೋದನ್ನೇ ನಿಷೇಧಿಸಿತು.

ಊರಲ್ಲಿ ಉಳಿದವರು ಯಾರು? ಬಹಳ ಕಡೆ ವಯಸ್ಸಾದ ಗಂಡ ಹೆಂಡತಿ. ಹತ್ತು ಜನ ಮಾಡ್ತಿದ್ದ ಗುಡ್ಡದ ಕೆಲಸ ಈಗ ಇಬ್ಬರ ತಲೆ ಮೇಲೆ. ಎತ್ತು ಸಾಕೋಕೆ ಆಗಲ್ಲ, ದೊಡ್ಡ ಟ್ರ್ಯಾಕ್ಟರ್ ತಾಕಿನೊಳಗೆ ಬರಲ್ಲ. ಆ ಜಾಗವನ್ನ ತುಂಬಿದ್ದು ಈ ಸೊಂಟದ ಟ್ರ್ಯಾಕ್ಟರ್.

ಫ್ಲಾರೆನ್ಸ್ ಪಕ್ಕದ ಕಲೆಂಜಾನೊದಲ್ಲಿ ಲೀನೊ ಪಾಸ್ಕ್ವಾಲಿ 1949ರಲ್ಲಿ ಕಂಪನಿ ಶುರು ಮಾಡಿದ್ದರು. ಅವರ ಪುಟ್ಟ ಟ್ರ್ಯಾಕ್ಟರ್‌ಗಳು ದೇಶದಾಚೆಗೂ ಹೋದವು. ಕಾರ್ಪಿ ಹತ್ತಿರ ಗೋಲ್ದೋನಿ, ಲುತ್ಸಾರಾದಲ್ಲಿ ಫೆರಾರಿ. ತಡೀರಿ, ಇದು ಕೆಂಪು ಕಾರಿನ ಫೆರಾರಿ ಅಲ್ಲ! ಹೆಸರು ಒಂದೇ, ಕಂಪನಿ ಬೇರೆ. ಹಳೇ ಯಂತ್ರ ಮಾರುವವರು ಈ ಹೆಸರನ್ನ ಒತ್ತಿ ಹೇಳಿದರೆ ನಕ್ಕು ಸುಮ್ಮನಾಗಿ.

ಗುರುತಿಸೋದು ಹೇಗೆ?

ಸರಿ, ಈಗ ನಿಮ್ಮೆದುರು ಒಂದು ಹಳೇ ಯಂತ್ರ ನಿಂತಿದೆ ಅಂದ್ಕೊಳ್ಳಿ. ಫೋಟೋನೇ ಇರಲಿ, ನಿಜವೇ ಇರಲಿ.

ಮೊದಲು ಬಣ್ಣವನ್ನ ಮರೆತುಬಿಡಿ. ಐವತ್ತು ವರ್ಷದಲ್ಲಿ ಯಾರು ಬೇಕಾದರೂ ಯಾವ ಬಣ್ಣ ಬೇಕಾದರೂ ಬಳಿದಿರ್ತಾರೆ. ಹೆಸರಿನ ಫಲಕವನ್ನೂ ಪೂರ್ತಿ ನಂಬಬೇಡಿ. ಇಟಲಿಯ ಬಿ.ಸಿ.ಎಸ್. ಕಂಪನಿ 1988ರಲ್ಲಿ ಫೆರಾರಿಯನ್ನೂ 1999ರಲ್ಲಿ ಪಾಸ್ಕ್ವಾಲಿಯನ್ನೂ ಕೊಂಡುಕೊಂಡಿತು. ಆಮೇಲೆ ಹೆಚ್ಚುಕಡಿಮೆ ಒಂದೇ ಯಂತ್ರ ಮೂರು ಹೆಸರಲ್ಲಿ, ಮೂರು ಬಣ್ಣದಲ್ಲಿ ಮಾರಾಟವಾಗಿದ್ದುಂಟು.

ಎರಡನೇದು, ಸೊಂಟ ನೋಡಿ. ನಿಜವಾಗಿಯೂ ಮಡಚುತ್ತಾ? ಇದೇ ಕಂಪನಿಗಳು ನಡು ಮಡಚದ, ಗಟ್ಟಿ ಚಾಸಿಯ ಪುಟ್ಟ ಟ್ರ್ಯಾಕ್ಟರ್‌ಗಳನ್ನೂ ಮಾಡಿವೆ. ಹೋಲ್ಡರ್‌ನಲ್ಲೇ ಬಿ10, ಬಿ12 ಅಂದರೆ ಗಟ್ಟಿ ಚಾಸಿ. ಎ10, ಎ12 ಅಂದರೆ ಸೊಂಟ ಇರೋದು. ಒಂದಕ್ಷರದ ವ್ಯತ್ಯಾಸ, ಯಂತ್ರವೇ ಬೇರೆ.

ಮೂರನೇದು, ಎಂಜಿನ್ ಎಲ್ಲಿದೆ, ಸೀಟು ಯಾವ ಅರ್ಧದ ಮೇಲಿದೆ ಅಂತ ಗಮನಿಸಿ. ಹಳೇ ಯುರೋಪಿಯನ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಎಂಜಿನ್ ಮುಂದಿನ ಅರ್ಧದಲ್ಲಿ, ಸೀಟು ಸೊಂಟದ ಹಿಂದೆ. ಆಮೇಲೆ ಸ್ಟೀರಿಂಗ್: ಬರೀ ಗಿಯರ್ ಮೇಲೆ ತಿರುಗುತ್ತಾ, ಇಲ್ಲಾ ಹೈಡ್ರಾಲಿಕ್ ಸಿಲಿಂಡರ್ ಇದೆಯಾ? ಕೈಬಲದಲ್ಲೇ ತಿರುಗಿಸೋದಾದರೆ ಯಂತ್ರ ಹಳೇ ಪೀಳಿಗೆಯದ್ದು ಅನ್ನೋಕೆ ಒಂದು ಸುಳಿವು.

ನಾಲ್ಕನೇದು, ಅಂಕಿಗಳು. ಹೋಲ್ಡರ್ ಎ12ರಲ್ಲಿ 12 ಅಂದರೆ ಅಶ್ವಶಕ್ತಿ. ಆದರೆ ಪಾಸ್ಕ್ವಾಲಿ 988 ಅಥವಾ 991 ಅಂದರೆ ಅದು ಅಶ್ವಶಕ್ತಿಯೂ ಅಲ್ಲ, ಇಸವಿಯೂ ಅಲ್ಲ, ಬರೀ ಮಾದರಿಯ ಸಂಖ್ಯೆ. ಚಾಸಿ ಮೇಲೆ ಒತ್ತಿರೋ ನಂಬರ್ ಬೇರೆ, ಎಂಜಿನ್ ನಂಬರ್ ಬೇರೆ. ಎರಡರ ಫೋಟೋನೂ ತೆಗೆದಿಟ್ಕೊಳ್ಳಿ.

ಐದನೇದು, ಎಂಜಿನ್ ಫಲಕ ಓದಿ ಟ್ರ್ಯಾಕ್ಟರಿನ ಹೆಸರು ಹೇಳೋಕೆ ಹೋಗಬೇಡಿ. ಲೊಂಬಾರ್ದಿನಿ, ರುಜ್ಜೆರಿನಿ, ಸ್ಲಾಂಜಿ, ಇವೆಲ್ಲ ಎಂಜಿನ್ ಮಾಡುವವರ ಹೆಸರು. ಮೂರೂ ರೆಜ್ಜೊ ಎಮಿಲಿಯಾ ಸೀಮೆಯವು. ಸಣ್ಣ ಟ್ರ್ಯಾಕ್ಟರ್ ಕಂಪನಿಗಳು ಇವರ ಹತ್ತಿರ ಎಂಜಿನ್ ಕೊಂಡು ಕೂರಿಸ್ತಿದ್ದವು. ಇದರಲ್ಲಿ ನಮಗೂ ಒಂದು ನಂಟಿದೆ ಗೊತ್ತಾ? 1933ರಲ್ಲಿ ಶುರುವಾದ ಲೊಂಬಾರ್ದಿನಿಯ ತಂತ್ರಜ್ಞಾನವನ್ನ ಗ್ರೀವ್ಸ್ ಕಂಪನಿ ಭಾರತಕ್ಕೆ ತಂದು ಸಣ್ಣ ಡೀಸೆಲ್ ಎಂಜಿನ್ ತಯಾರಿಸಿತು. ನಮ್ಮ ಸಂತೆ ರಸ್ತೆಗಳಲ್ಲಿ ಡುಗು ಡುಗು ಅಂತ ಓಡಿದ ಮೂರು ಚಕ್ರದ ಗೂಡ್ಸ್ ಆಟೋಗಳಲ್ಲಿ ಇಂಥ ಎಂಜಿನ್ ಇತ್ತು. ಟಸ್ಕನಿಯ ಗುಡ್ಡಕ್ಕೂ ನಮ್ಮ ತರಕಾರಿ ಮಾರ್ಕೆಟ್ಟಿಗೂ ಹೀಗೊಂದು ನೆಂಟಸ್ತನ.

ಅಳೆಯೋದು ಹೇಗೆ?

ಕೊಳ್ಳೋರು ಸಾಮಾನ್ಯವಾಗಿ ಮೊದಲು ಎಂಜಿನ್ ಸ್ಟಾರ್ಟ್ ಮಾಡಿಸಿ ನೋಡ್ತಾರೆ. ನಾನು ಹೇಳೋದು, ಸ್ಟಾರ್ಟ್ ಮಾಡೋಕೆ ಮುಂಚೆ ಸೊಂಟ ನೋಡಿ. ಎಂಜಿನ್ ಬಿಚ್ಚಿ ಕಟ್ಟುವ ಮೆಕ್ಯಾನಿಕ್ ಎಲ್ಲಾದರೂ ಸಿಕ್ತಾನೆ. ನಡುವಿನ ಎರಕದ ಕಬ್ಬಿಣ ಸೀಳಿದ್ದರೆ ಅದನ್ನ ಸರಿ ಮಾಡೋದು ಬಹಳ ಕಷ್ಟ.

ಸಮತಟ್ಟಾದ ಗಟ್ಟಿ ನೆಲದಲ್ಲಿ ಎಂಜಿನ್ ಆಫ್ ಮಾಡಿ, ಚಕ್ರಗಳಿಗೆ ಅಡ್ಡ ಕೊಟ್ಟು, ಒಂದು ಅರ್ಧವನ್ನ ಜ್ಯಾಕ್‌ನಲ್ಲಿ ಸ್ವಲ್ಪ ಎತ್ತಿ, ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಡಬೇಕು. ಉದ್ದದ ಕಬ್ಬಿಣದ ಸಲಾಕೆಯಿಂದ ಕೀಲನ್ನ ಮೆಲ್ಲಗೆ ಮೀಟಿದರೆ ಪ್ಲೇ ಎಷ್ಟಿದೆ ಗೊತ್ತಾಗುತ್ತೆ. ಪಿನ್ನು, ಬುಶ್ ಸವೆದಿದ್ದರೆ ಚಿಂತೆ ಇಲ್ಲ, ಲೇತ್‌ನಲ್ಲಿ ಹೊಸದು ಮಾಡಿಸಬಹುದು. ಬುಶ್ ಕೂರುವ ರಂಧ್ರವೇ ಮೊಟ್ಟೆಯಾಕಾರ ಆಗಿದ್ದರೆ ಖರ್ಚು ಜೋರು. ಕೀಲಿನ ಸುತ್ತ ಹೊಸ ಬಣ್ಣ, ದಪ್ಪ ವೆಲ್ಡಿಂಗ್ ಕಂಡರೆ ‘ಇಲ್ಲಿ ಏನಾಗಿತ್ತು?’ ಅಂತ ಕೇಳಿ. ಗ್ರೀಸ್ ನಿಪ್ಪಲ್ ಒಣಗಿ ಕಲ್ಲಾಗಿದ್ದರೆ ಹಳೇ ಮಾಲೀಕ ಹೇಗೆ ನೋಡಿಕೊಂಡಿದ್ದಾನೆ ಅನ್ನೋದಕ್ಕೆ ಅದೇ ಸಾಕ್ಷಿ.

ಬಹಳ ಮಾದರಿಗಳಲ್ಲಿ ಸೊಂಟ ಎಡಬಲಕ್ಕೆ ಮಡಚೋದಷ್ಟೇ ಅಲ್ಲ, ತಿರುಚಲೂ ಬೇಕು. ಮುಂದಿನ ಒಂದು ಚಕ್ರ ಕಲ್ಲು ಹತ್ತಿದಾಗ ಉಳಿದ ಮೂರು ನೆಲ ಬಿಡಬಾರದು ಅಂತ ಈ ಏರ್ಪಾಡು. ಆ ಚಲನೆ ಎರಡೂ ಕಡೆ ಸಲೀಸಾಗಿ ಆಗುತ್ತಾ ಅಂತಲೂ ನೋಡಬೇಕು.

ಆಮೇಲೆ ಟೈರು. ಮುಂದಿನ ಮತ್ತು ಹಿಂದಿನ ಅಚ್ಚುಗಳನ್ನ ನೇರವಾಗಿ ಜೋಡಿಸಿದ ಯಂತ್ರದಲ್ಲಿ ನಾಲ್ಕೂ ಟೈರಿನ ಸುತ್ತಳತೆ ಒಂದೇ ಇರಬೇಕು. ಮುಂದೆ ಹೊಸದು, ಹಿಂದೆ ಸವೆದದ್ದು ಹಾಕಿದರೆ ಎರಡು ಅಚ್ಚುಗಳು ಒಂದನ್ನೊಂದು ಎಳೆದಾಡಿ ಗಿಯರಿಗೆ ಪೆಟ್ಟು ಬೀಳುತ್ತೆ. ಟೈರಿನ ಮೇಲೆ ತಯಾರಾದ ವಾರ ಮತ್ತು ವರ್ಷದ ನಾಲ್ಕಂಕಿ ಇದ್ದರೆ ಆ ಟೈರ್ 2000ದ ನಂತರದ್ದು.

ಇನ್ನು ಪಿಟಿಒ, ಅಂದರೆ ರೋಟವೇಟರ್‌ನಂಥ ಉಪಕರಣಕ್ಕೆ ಶಕ್ತಿ ಕೊಡುವ ಹಿಂದಿನ ಶಾಫ್ಟ್. ಇವತ್ತು ಸಾಮಾನ್ಯವಾಗಿ ಸಿಗೋದು ನಿಮಿಷಕ್ಕೆ 540 ಸುತ್ತಿನ, ಆರು ಹಲ್ಲಿನ ಶಾಫ್ಟ್. ಹಳೇ ಪುಟ್ಟ ಯಂತ್ರಗಳಲ್ಲಿ ಶಾಫ್ಟಿನ ಅಳತೆ, ತಿರುಗುವ ದಿಕ್ಕು ಬೇರೆ ಇರಬಹುದು. ಹಾಗಿದ್ದರೆ ನಿಮ್ಮ ಉಪಕರಣ ಅದಕ್ಕೆ ಕೂರಲ್ಲ. ಯಂತ್ರ ಅಗ್ಗಕ್ಕೆ ಸಿಕ್ಕಿತು ಅಂತ ಖುಷಿಪಟ್ಟು ಉಪಕರಣಕ್ಕೆ ಪರದಾಡೋದು ಬೇಡ.

ಕೊನೆಗೆ ಎಂಜಿನ್. ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ನೀವು ಬರೋ ಮುಂಚೆಯೇ ಬಿಸಿ ಮಾಡಿಟ್ಟಿದ್ದರೆ ಅನುಮಾನ ಪಡಿ. ಗಾಳಿಯಿಂದ ತಣಿಯುವ ಎಂಜಿನ್ ಆದರೆ ರೆಕ್ಕೆಗಳ ನಡುವೆ ಹುಲ್ಲು, ಎಣ್ಣೆ ಮೆತ್ತಿಕೊಂಡಿದೆಯಾ ನೋಡಿ.

ಯಾರೂ ಕೇಳದ ಪ್ರಶ್ನೆ

ಈಗ ಮುಖ್ಯ ವಿಷಯ. ಯಂತ್ರದ ವಯಸ್ಸು ಹೇಳೋಕೆ ಇನ್ನೊಂದು ಗುರುತಿದೆ: ರೋಲ್ ಬಾರ್. ಟ್ರ್ಯಾಕ್ಟರ್ ಮಗುಚಿದರೆ ಚಾಲಕ ಜಜ್ಜಿ ಹೋಗದ ಹಾಗೆ ಕಾಯುವ ಕಬ್ಬಿಣದ ಕಮಾನು. ಹೊಸ ಟ್ರ್ಯಾಕ್ಟರ್‌ಗಳಿಗೆ ಇಂಥ ರಕ್ಷಣೆ ಕಡ್ಡಾಯ ಅಂತ ಮೊದಲು ಹೇಳಿದ ದೇಶ ಸ್ವೀಡನ್, 1959ರಲ್ಲಿ. ಇಟಲಿಯಲ್ಲಿ ಇದು ಬಂದಿದ್ದು 1974ರಿಂದ. ಅಂದರೆ ಅದಕ್ಕೂ ಹಿಂದಿನ ಇಟಾಲಿಯನ್ ಯಂತ್ರದ ಮೇಲೆ ಕಮಾನು ಇದ್ದರೆ, ಬಹುತೇಕ ಆಮೇಲೆ ಯಾರೋ ಕೂರಿಸಿದ್ದು.

ಹಳೇ ಯಂತ್ರವನ್ನ ಚೊಕ್ಕ ಮಾಡುವ ಕೆಲವರು ‘ಒರಿಜಿನಲ್ ಲುಕ್’ ಬೇಕು ಅಂತ ಆ ಕಮಾನನ್ನ ಬಿಚ್ಚಿ ಎಸೀತಾರೆ. ಫೋಟೋದಲ್ಲಿ ಚೆನ್ನಾಗಿ ಕಾಣುತ್ತೆ, ನಿಜ. ಆದರೆ ಲೆಕ್ಕ ಹಾಕಿ ನೋಡಿ. ನೇರ ನಿಂತಾಗ ನಾಲ್ಕು ಚಕ್ರಗಳು ನೆಲದ ಮೇಲೆ ಒಂದು ಆಯತ ಬರೀತವೆ. ಸೊಂಟ ಮಡಚಿದಾಗ ಆ ಆಯತ ಸೊಟ್ಟಗಾಗುತ್ತೆ, ಭಾರದ ಕೇಂದ್ರ ಅಂಚಿನ ಕಡೆ ಸರಿಯುತ್ತೆ. ಅಡ್ಡ ಇಳಿಜಾರಿನಲ್ಲಿ ಜೋರಾಗಿ ತಿರುಗಿಸಿದರೆ, ಗುಡ್ಡಕ್ಕೆ ಅಂತಲೇ ಹುಟ್ಟಿದ ಯಂತ್ರ ಗುಡ್ಡದಲ್ಲೇ ಮಗುಚುತ್ತೆ. ಇಟಲಿಯಲ್ಲಿ ಹೊಲದ ಕೆಲಸದಲ್ಲಿ ಆಗುವ ಸಾವುಗಳಿಗೆ ಟ್ರ್ಯಾಕ್ಟರ್ ಮಗುಚೋದು ಇವತ್ತಿಗೂ ದೊಡ್ಡ ಕಾರಣ. ನಮ್ಮಲ್ಲೂ ‘ಟ್ರ್ಯಾಕ್ಟರ್ ಪಲ್ಟಿ’ ಅನ್ನೋ ಸುದ್ದಿ ನಾವು ಓದ್ತಾನೇ ಇರ್ತೀವಿ.

ಮಡಚುವ ಕಮಾನುಗಳೂ ಇವೆ. ಮರದ ಕೊಂಬೆಗೆ ತಾಗುತ್ತೆ ಅಂತ ಕೆಳಗೆ ಮಡಚಿ, ಮತ್ತೆ ಎತ್ತೋದನ್ನೇ ಮರೆತರೆ ಅದು ಇದ್ದೂ ಇಲ್ಲದ ಹಾಗೆ. ಕಮಾನು ಎತ್ತಿದ್ದಾಗ ಸೀಟ್ ಬೆಲ್ಟ್ ಕೂಡ ಹಾಕಬೇಕು, ಇಲ್ಲದಿದ್ದರೆ ಚಾಲಕ ಕಮಾನಿನಾಚೆಗೆ ಎಸೆಯಲ್ಪಡ್ತಾನೆ.

ಇನ್ನೊಂದು ಅಪಾಯ ಸೊಂಟದ್ದೇ. ಎಂಜಿನ್ ಓಡ್ತಿರುವಾಗ ಎರಡು ಅರ್ಧಗಳ ನಡುವೆ ಯಾರೂ ನಿಲ್ಲಬಾರದು, ಮಕ್ಕಳಂತೂ ಹತ್ತಿರವೇ ಬರಬಾರದು. ಯಾರೋ ಸ್ಟೀರಿಂಗ್ ಮುಟ್ಟಿದರೆ ಆ ಸಂದು ಕತ್ತರಿಯ ಹಾಗೆ ಮುಚ್ಚಿಕೊಳ್ಳುತ್ತೆ. ಸೊಂಟ ಅಲುಗದಂತೆ ಹಿಡಿಯುವ ಲಾಕ್ ಕಂಬಿ ಇರುವ ಯಂತ್ರದಲ್ಲಿ, ರಿಪೇರಿಗೆ ಕೈ ಹಾಕೋ ಮುಂಚೆ ಅದನ್ನ ಸಿಕ್ಕಿಸಿ. ಕೊಳ್ಳುವಾಗ ಆ ಕಂಬಿ ಜೊತೆಗಿದೆಯಾ ಅಂತ ಕೇಳೋದನ್ನ ಮರೀಬೇಡಿ.

ಹಾಗಾಗಿ ನನ್ನ ಪ್ರಕಾರ ಹಳೇ ಸೊಂಟದ ಟ್ರ್ಯಾಕ್ಟರಿನ ಬೆಲೆ ಕಟ್ಟೋ ಪಟ್ಟಿಯಲ್ಲಿ ಮೊದಲ ಸಾಲು ಸೊಂಟ, ಎರಡನೇ ಸಾಲು ಕಮಾನು. ಎಂಜಿನ್, ಟೈರು, ಪಿಟಿಒ ಆಮೇಲೆ. ಬಣ್ಣ ಕೊನೆಗೆ. ಕಮಾನಿಲ್ಲದ ಯಂತ್ರವನ್ನ ಕೊಳ್ಳೋದಾದರೆ, ಆ ಮಾದರಿಗೆ ಪರೀಕ್ಷೆ ಮಾಡಿದ ಕಮಾನಿನ ಖರ್ಚನ್ನ ಬೆಲೆಗೆ ಸೇರಿಸಿಯೇ ಮಾತಾಡಿ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಪೈಪು ಬಗ್ಗಿಸಿ ಮಾಡಿದ್ದು ನೋಡೋಕೆ ಮಾತ್ರ ಕಮಾನು.

ಹೋಲ್ಡರ್ ವಂಶದ ಯಂತ್ರಗಳು ಆಮೇಲೆ ಜರ್ಮನಿಯ ಪೇಟೆಗಳಲ್ಲಿ ಕಾಲುದಾರಿಯ ಹಿಮ ತೆಗೆಯೋ ಕೆಲಸಕ್ಕೂ ಬಂದವು. ಕಿರಿದಾದ ಜಾಗದಲ್ಲಿ ತಿರುಗಬೇಕು ಅನ್ನೋದು ಅಲ್ಲೂ ಅದೇ ಬೇಡಿಕೆ. ಇಟಲಿಯ ಗುಡ್ಡಗಳಲ್ಲಿ ಈ ಪುಟ್ಟ ಯಂತ್ರಗಳು ಇವತ್ತೂ ದ್ರಾಕ್ಷಿ ಸಾಲುಗಳ ನಡುವೆ ಓಡಾಡ್ತವೆ. ಹಳ್ಳಿ ಖಾಲಿಯಾದ ಕಾಲದಲ್ಲಿ ಉಳಿದ ಇಬ್ಬರ ಕೈಗೆ ಹತ್ತು ಜನರ ಬಲ ಕೊಟ್ಟ ಯಂತ್ರ ಇದು. ಅದನ್ನ ಉಳಿಸಿಕೊಳ್ಳೋದು ಒಳ್ಳೇದೇ. ಜೊತೆಗೆ ಅದರ ಮೇಲೆ ಕೂರುವವರೂ ಉಳೀಬೇಕಲ್ವಾ?

ನಿಮ್ಮ ಊರಲ್ಲಿ ಟ್ರ್ಯಾಕ್ಟರ್ ಓಡಿಸೋರು ಯಾರಾದರೂ ಇದ್ದರೆ ಈ ಸಂಚಿಕೆಯನ್ನ ಅವರಿಗೂ ಕೇಳಿಸಿ. ಸೊಂಟದ ಕಥೆ ಅವರಿಗೆ ಬೇಕಾಗದೇ ಇರಬಹುದು, ಕಮಾನಿನ ಕಥೆ ಬೇಕೇ ಬೇಕು.